ಮೂಳೆ ಕೂಡಿದೆ, ಆದರೆ ಮುಷ್ಟಿ ಕಟ್ಟಲು ಆಗುತ್ತಿಲ್ಲ

ಫಿಸಿಯೋಥೆರಪಿಗೆ ನನ್ನ ಹತ್ತಿರ ಬರುವವರಲ್ಲಿ ಮಣಿಕಟ್ಟು ಮುರಿದುಕೊಂಡ ಹೆಂಗಸರೇ ಜಾಸ್ತಿ. ಬಚ್ಚಲಲ್ಲಿ ಜಾರಿ ಕೈ ಊರಿ ಬಿದ್ದಿರುತ್ತಾರೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದರಿಂದ ಅಷ್ಟಕ್ಕೇ ಮುರಿಯುತ್ತದೆ. ಸಾಮಾನ್ಯವಾಗಿ 5–6 ವಾರಕ್ಕೆ ಪ್ಲಾಸ್ಟರ್ ಬಿಚ್ಚುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ. ಆದರೆ ಮುಷ್ಟಿ ಕಟ್ಟಲು ಆಗುವುದಿಲ್ಲ, ತಲೆ ಬಾಚಲು ಕೈ ಮೇಲೇಳುವುದಿಲ್ಲ. ಮುರಿಯದೇ ಇದ್ದ ಬೆರಳು, ಭುಜ ಎರಡೂ ಹಿಡಿದುಕೊಂಡಿರುತ್ತವೆ.

ಅದಕ್ಕೇ ಪ್ಲಾಸ್ಟರ್ ಇರುವಾಗಲೇ ಒಮ್ಮೆ ಬನ್ನಿ ಅನ್ನುತ್ತೇನೆ. ಬಂದ ತಕ್ಷಣ ಉಂಗುರ ತೆಗೆಸುತ್ತೇನೆ. ಪ್ಲಾಸ್ಟರಿನ ಅಂಚು ಅಂಗೈಯ ಗೆರೆ ದಾಟಿ ಬೆರಳಿನ ಬುಡಕ್ಕೆ ತಾಗುತ್ತಿದ್ದರೆ, ಕತ್ತರಿಸಿಕೊಂಡು ಬರಲು ಡಾಕ್ಟರ ಹತ್ತಿರ ವಾಪಸ್ ಕಳಿಸುತ್ತೇನೆ. ಬುಡ ಮಡಚದಿದ್ದರೆ ವ್ಯಾಯಾಮ ಸುಮ್ನೆ ದಂಡ.

ಮೊದಲ ದಿನಗಳ ನೋವಿನ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಮಾತ್ರೆಗೂ ತಗ್ಗದೆ ನೋವು ಏರುತ್ತಲೇ ಇದ್ದರೆ, ಬೆರಳನ್ನು ಬೇರೆಯವರು ನೀಡಿ ನೇರ ಮಾಡಿದಾಗ ಜೀವ ಹೋದಂತಾದರೆ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಒಳಗೆ ಒತ್ತಡ ಹೆಚ್ಚಿ ಸ್ನಾಯುವಿಗೆ ರಕ್ತ ಸಿಗುತ್ತಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಬಹುದು. ನಾಡಿ ಸಿಗುತ್ತಿದೆ ಅಂತ ಸಮಾಧಾನ ಪಡುವ ಹಾಗಿಲ್ಲ. ಮುರಿದ ಮೇಲೆ ನೋವು ಇರೋದೇ ಅಲ್ವಾ ಅಂತ ಸಹಿಸಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇಂಥ ನೋವಿಲ್ಲದಿದ್ದರೆ ಬೆರಳಿನ ಕೆಲಸ ಶುರು. ಪೂರ್ತಿ ನೀಡಿ, ಕೊಕ್ಕೆಯ ಹಾಗೆ ಮಡಚಿ, ಮುಷ್ಟಿ ಕಟ್ಟಿ, ಹೆಬ್ಬೆರಳಿನಿಂದ ಒಂದೊಂದೇ ಬೆರಳು ಮುಟ್ಟಿ. ಎಚ್ಚರವಿದ್ದಾಗ ಗಂಟೆಗೊಮ್ಮೆ. ಕೂತಾಗ, ಮಲಗಿದಾಗ ಕೈ ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ. ಕೈಯನ್ನು ಇಡೀ ದಿನ ಜೋಳಿಗೆಯಲ್ಲಿ ನೇತುಹಾಕಿಕೊಂಡರೆ ಭುಜ ಹಿಡಿಯುತ್ತದೆ. ಆಗಾಗ ತೆಗೆದು ನೆತ್ತಿ ಮುಟ್ಟಿಸುತ್ತೇನೆ.

ನಾನು ಹೆಚ್ಚು ಹೆದರುವುದು ಇನ್ನೊಂದಕ್ಕೆ. ಕೆಲವರಿಗೆ ಬಿದ್ದ ಪೆಟ್ಟಿಗೆ ಹೋಲಿಸಿದರೆ ತೀರಾ ಹೆಚ್ಚು ಉರಿ. ಚರ್ಮ ಹೊಳೆಯುತ್ತದೆ, ಬಣ್ಣ ಬದಲಾಗುತ್ತದೆ, ಅಂಗೈ ಬೆವರುತ್ತದೆ. ಸೆರಗು ಸೋಕಿದರೂ ಚೀರುತ್ತಾರೆ. ಮನೆಯವರು ಪ್ರೀತಿಯಿಂದಲೇ ಬಿಸಿ ಎಣ್ಣೆ ತಿಕ್ಕಿ ಬೆರಳು ಎಳೆಯುತ್ತಾರೆ. ದಯವಿಟ್ಟು ಬೇಡ. ಡಾಕ್ಟರ ಔಷಧಿಯ ಜೊತೆಗೆ ನಾನು ಮೊದಲು ಹತ್ತಿ ಸವರುತ್ತೇನೆ. ಅದು ಒಗ್ಗಿದ ಮೇಲೆ ಮೆತ್ತಗಿನ ಬಟ್ಟೆ, ಆಮೇಲೆ ಟವೆಲ್. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ನೊಂದ ಕೈಯನ್ನು ಅದರ ಹಿಂದೆ ಮರೆಮಾಡಿ, ಸರಿಯಿರುವ ಕೈ ಆಡಿಸಲು ಹೇಳುತ್ತೇನೆ. ಬಿಂಬದಲ್ಲಿ ನೊಂದ ಕೈಯೇ ಆಡಿದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೂ ಬಿಡಬಾರದು.

ಪ್ರತಿ ಸಲ ಬಂದಾಗಲೂ ಅಂಗೈಯನ್ನು ಮೇಜಿನ ಮೇಲೆ ಇಡಿಸಿ ಹೆಬ್ಬೆರಳು ಎತ್ತಿಸುತ್ತೇನೆ. ಮೂಳೆ ಜರುಗದೆ ಬರೀ ಬಿರುಕು ಬಿಟ್ಟವರಲ್ಲೂ ವಾರಗಳ ನಂತರ ಹೆಬ್ಬೆರಳನ್ನು ಎತ್ತುವ ಹುರಿ (ಟೆಂಡನ್, ಸ್ನಾಯುವನ್ನು ಮೂಳೆಗೆ ಕಟ್ಟುವಂಥದ್ದು) ಸವೆದು ಹರಿಯುವುದುಂಟು. ಹರಿದರೆ ವ್ಯಾಯಾಮದಿಂದ ಏನೂ ಆಗುವುದಿಲ್ಲ. ತೋರುಬೆರಳನ್ನು ನೀಡುವ ಹುರಿಗಳು ಎರಡಿವೆ, ಸರ್ಜನ್ ಅದರಲ್ಲಿ ಒಂದನ್ನು ಹೆಬ್ಬೆರಳಿಗೆ ಜೋಡಿಸುತ್ತಾರೆ. ಆಮೇಲೆ ಮತ್ತೆ ನನ್ನ ಸರದಿ: "ತೋರುಬೆರಳು ಎತ್ತಿ ಅಮ್ಮಾ" ಅನ್ನುತ್ತೇನೆ, ಹೆಬ್ಬೆರಳು ಏಳುತ್ತದೆ.