ಮ್ಯಾಟ್ರಿಜೆಲ್ ಬಿಟ್ಟು ಜೆಲಾಟಿನ್ ಹಿಡಿದೆ: ಶಿವಮೊಗ್ಗದಲ್ಲಿ 3ಡಿ ಕಲ್ಚರ್

ಬೇಕರಿ ಕಂಪನಿಗಳಿಗೆ ಮಾರುವ ಎಂಜೈಮ್‌ನಿಂದ ಜೆಲ್ ಕಟ್ಟಿ, ಅದರೊಳಗೆ 3ಡಿಯಲ್ಲಿ, ಅಂದರೆ ಸುತ್ತಲೂ ಜೆಲ್ ಇರುವಂತೆ, ಕ್ಯಾನ್ಸರ್ ಕೋಶ ಬೆಳೆಸುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. ಈಗ ಅವರೇ ಪ್ರೋಟೊಕಾಲ್ ಕೇಳುತ್ತಿದ್ದಾರೆ.

ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಮ್ಯಾಟ್ರಿಜೆಲ್, ತಣ್ಣಗಿದ್ದರೆ ದ್ರವ, ಬೆಚ್ಚಗಾದರೆ ಗಟ್ಟಿಯಾಗುವ ಜೆಲ್. ಅದನ್ನು ಬಿಡಲು ಮೊದಲ ಕಾರಣ ದುಡ್ಡು. 10 ಎಂಎಲ್‌ಗೆ ಮೂವತ್ತು ಸಾವಿರದ ಮೇಲೇ ಕೊಟ್ಟ ನೆನಪು. ಅದರಲ್ಲೂ ಒಂದು ಬಾಟಲಿ ದಾರಿಯಲ್ಲೇ ಐಸ್ ಕರಗಿ ಒಳಗೇ ಗಟ್ಟಿಯಾಗಿ ಬಂತು. ಇನ್ನೊಂದು ಕಾರಣ, ಅದು ಇಲಿಯ ಗಡ್ಡೆಯಿಂದ ತೆಗೆದ ಮಾಲು. ಕೋಶ ಬೆಳೆಯಲು ಪ್ರಚೋದಿಸುವ ಗ್ರೋತ್ ಫ್ಯಾಕ್ಟರ್‌ಗಳೂ ಸೇರಿರುತ್ತವೆ, ಬ್ಯಾಚ್ ಬದಲಾದರೆ ಅವೂ ಬದಲಾಗುತ್ತವೆ. ಕೋಶದೊಳಗಿನ ಸಿಗ್ನಲ್ ಏರಿದ್ದು ಜೆಲ್‌ನ ಗಟ್ಟಿತನದಿಂದಲೋ ಇವುಗಳಿಂದಲೋ, ಹೇಗೆ ಹೇಳುವುದು?

ಕಡಲಪಾಚಿಯ ಆಲ್ಜಿನೇಟ್ ನೋಡಿದೆ. ಅಗ್ಗ, ಆದರೆ ಇಂಟೆಗ್ರಿನ್ (ಕೋಶದ ಹೊರಮೈಯ ಕೊಂಡಿ ಪ್ರೋಟೀನ್) ಹಿಡಿದುಕೊಳ್ಳಲು ಅದರಲ್ಲಿ ಏನೂ ಇಲ್ಲ. ಕೋಶಗಳು ಗೋಲಿಯ ಹಾಗೆ ದುಂಡಗೆ ಸುಮ್ನೆ ಕೂತಿದ್ದವು. ಕೋಶ ಹಿಡಿದುಕೊಂಡಾಗ ಫ್ಯಾಕ್ ಪ್ರೋಟೀನ್‌ಗೆ ಫಾಸ್ಫೇಟ್ ಅಂಟುತ್ತದೆ (ಫಾಸ್ಫೊರಿಲೇಶನ್); ಆ ಫಾಸ್ಫೋ-ಫ್ಯಾಕ್ ಬ್ಯಾಂಡ್ ಕಂಡೂ ಕಾಣದಂತೆ. ಪಿಬಿಎಸ್‌ನಲ್ಲಿ (ಫಾಸ್ಫೇಟ್ ಇರುವ ಉಪ್ಪುನೀರು) ತೊಳೆದರೆ ಫಾಸ್ಫೇಟ್, ಜೆಲ್ ಹಿಡಿದಿಡುವ ಕ್ಯಾಲ್ಸಿಯಂ ಎಳೆದುಕೊಂಡು ಜೆಲ್ಲೇ ಸಡಿಲ.

ಜೆಲಾಟಿನ್‌ನಲ್ಲಿ ಆರ್‌ಜಿಡಿ, ಅಂದರೆ ಇಂಟೆಗ್ರಿನ್ ಹಿಡಿಯುವ ಜಾಗ, ಇದ್ದೇ ಇದೆ. 37 ಡಿಗ್ರಿಯಲ್ಲಿ ಕರಗದಿರಲು ಅದರ ಎಳೆಗಳನ್ನು ಬೆಸೆಯುವ ಆ ಬೇಕರಿ ಎಂಜೈಮ್, ಟ್ರಾನ್ಸ್‌ಗ್ಲುಟಮಿನೇಸ್ ಹಾಕಿದೆ, ಗ್ರಾಂ ಜೆಲಾಟಿನ್‌ಗೆ ಹತ್ತು ಯೂನಿಟ್ ಆಸುಪಾಸು. ನಮ್ಮ ಮಳೆಗಾಲ ಗೊತ್ತಲ್ವಾ, ತೆರೆದಿಟ್ಟ ಪ್ಯಾಕೆಟ್ ತೇವ ಹೀರಿ ಎಂಜೈಮ್ ಸತ್ತುಹೋಯಿತು. ಬೆಳಿಗ್ಗೆ ಇನ್‌ಕ್ಯುಬೇಟರ್ ತೆಗೆದರೆ ಪ್ಲೇಟ್ ತುಂಬ ನೀರು. ಈಗ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿ ಇಡುತ್ತೇನೆ. ಪುಡಿಯಲ್ಲಿರುವ ಮಾಲ್ಟೊಡೆಕ್ಸ್‌ಟ್ರಿನ್‌ (ಪಿಷ್ಟದ ಪುಡಿ)ನಿಂದ, ಸೂಕ್ಷ್ಮಾಣು ತೆಗೆಯುವ 0.22 ಮೈಕ್ರಾನ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೆ ಒಂದು ಉಪಾಯ ಇದೆ, ಪೇಪರ್ ಬಂದ ಮೇಲೆ ಹೇಳುತ್ತೇನೆ. ಇನ್ನೊಂದು ಮಾತು: ಎಂಜೈಮ್ ತಕ್ಷಣ ನಿಲ್ಲುವುದಿಲ್ಲ, ಜೆಲ್ ಗಟ್ಟಿಯಾಗುತ್ತಲೇ ಹೋಗುತ್ತದೆ. ಮೊದಲ ದಿನದ ಅಳತೆ ನಂಬಬೇಡಿ.

ಜಾಸ್ತಿ ಕಾಡಿದ್ದು ವೆಸ್ಟರ್ನ್ ಬ್ಲಾಟ್, ಪ್ರೋಟೀನ್‌ಗಳನ್ನು ಬ್ಯಾಂಡ್‌ಗಳಾಗಿ ನೋಡುವ ಪರೀಕ್ಷೆ. ಜೆಲ್ ಕತ್ತರಿಸುವ ಕೊಲಾಜಿನೇಸ್ ಎಂಜೈಮ್ ಹಾಕಿ ಕೋಶ ಬಿಡಿಸುವಷ್ಟರಲ್ಲಿ ಕೋಶದ ಹಿಡಿತ ತಪ್ಪಿ ಫಾಸ್ಫೊರಿಲೇಶನ್ ಇಳಿದುಬಿಡುತ್ತದೆ. ನಾವು ಅಳೆಯಬೇಕಾದದ್ದೇ ಅದು! ಈಗ ಜೆಲ್ ಸಮೇತ ಕೋಶ ತಕ್ಷಣ ಒಡೆಯುವ ಬಿಸಿ ಎಸ್‌ಡಿಎಸ್ (ಸಾಬೂನಿನಂಥದ್ದು) ಬಫರ್‌ಗೆ ಹಾಕಿ ಅರೆಯುತ್ತೇನೆ. ಪ್ರೋಟೀನ್ ಅಳತೆಗೆ ಜೆಲಾಟಿನ್ನೂ ಸೇರಿಕೊಳ್ಳುವುದರಿಂದ ಬಿಸಿಎ (ಒಟ್ಟು ಪ್ರೋಟೀನ್ ಅಳೆಯುವ ವಿಧಾನ) ಕೈಬಿಟ್ಟು, ಕೋಶ ಎಷ್ಟಿವೆ ಎಂದು ತಿಳಿಯಲು ಜೊತೆಗೆ ಮಾಡಿದ ಇನ್ನೊಂದು ಜೆಲ್‌ನ ಡಿಎನ್‌ಎ ಲೆಕ್ಕ ಹಿಡಿದೆ.

ಆಗ ಕಂಡದ್ದು ಸೊಗಸಾಗಿತ್ತು. ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ವೈಎಪಿ (ಸುತ್ತಲ ಗಟ್ಟಿತನಕ್ಕೆ ಸ್ಪಂದಿಸಿ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ಪ್ಲಾಸ್ಟಿಕ್ ಮೇಲೆ ನ್ಯೂಕ್ಲಿಯಸ್ಸಿನೊಳಗೆ ಇರುತ್ತದೆ. ಗಟ್ಟಿಯಾದಷ್ಟೂ ವೈಎಪಿ ಒಳಗೆ ಅನ್ನುವುದು 2ಡಿ, ಅಂದರೆ ಚಪ್ಪಟೆ ಮೇಲ್ಮೈಯ ಪಾಠ. ನನ್ನ ಜೆಲ್‌ನಲ್ಲಿ ತಿರುಗುಮುರುಗು. ಶೇ. 5 ಜೆಲಾಟಿನ್‌ನ ಮೆತ್ತನೆ ಜೆಲ್‌ನಲ್ಲಿ ಕೋಶ ಕೈಕಾಲು ಚಾಚಿತು, ಹೆಚ್ಚಿನವುಗಳಲ್ಲಿ ವೈಎಪಿ ಒಳಗೆ. ಗಟ್ಟಿಯಾದ ಶೇ. 10ರಲ್ಲಿ ಜಾಗವಿಲ್ಲದೆ ದುಂಡಗೇ ಉಳಿದು, ವೈಎಪಿ ಹೊರಗೆ. ಕೋಶ ಸುತ್ತಲ ಜೆಲ್ ಕತ್ತರಿಸಲು ಬಳಸುವ ಎಂಎಂಪಿ ಎಂಜೈಮ್‌ಗಳನ್ನು ತಡೆಯುವ ಜಿಎಂ6001 ಹಾಕಿದರೆ ಶೇ. 5ರಲ್ಲೂ ದುಂಡಗಾದವು. ಅಂದರೆ ಗಟ್ಟಿತನ ಒಂದೇ ಅಲ್ಲ, ಕೋಶ ಸುತ್ತಲ ಬಲೆ ಕತ್ತರಿಸಿಕೊಂಡು ಜಾಗ ಮಾಡಿಕೊಳ್ಳಬಲ್ಲದೇ ಅನ್ನುವುದೂ ಸಿಗ್ನಲ್ ತಿರುಗಿಸುತ್ತದೆ.

ನಡುವೆ ಅಡಿಕೆ ಚೊಗರನ್ನೂ (ಅಡಿಕೆ ಬೇಯಿಸಿದ ಕಂದು ರಸ) ಹಾಕಿ ನೋಡಿದೆ. ಟ್ಯಾನಿನ್ ಜೆಲಾಟಿನ್ ಬಿಗಿಯುತ್ತದಲ್ಲ! ಬಿಗಿಯಿತು, ಜೊತೆಗೆ ಕೋಶಗಳೂ ಸತ್ತವು. ಇಮೇಜಿಂಗ್‌ನಲ್ಲಿ ಬರೀ ಕಂದು ಹಿನ್ನೆಲೆ. ತೊಳೆದು ತಿಳಿ ಮಾಡಿದ ಚೊಗರು ಫ್ರಿಜ್‌ನಲ್ಲಿದೆ, ದೀಪಾವಳಿ ಕಳೆದ ಮೇಲೆ ಮತ್ತೆ ನೋಡಬೇಕು.