ಹಾಲು ಸಾಲದೆಂಬ ತೀರ್ಪು, ಸಂಜೆಯ ರಚ್ಚೆ

ಮಗಳು ಸಿಸೇರಿಯನ್ ಮೂಲಕ ಹುಟ್ಟಿದಾಗ 2.9 ಕಿಲೋ ಇದ್ದಳು. ಐದನೆಯ ದಿನ ತಿಪಟೂರಿನ ತವರುಮನೆಗೆ ಕರೆದುಕೊಂಡು ಬರುವಾಗ ತೂಕ 2.68 ಕಿಲೋಗೆ ಇಳಿದಿತ್ತು. ಅಂದು ರಾತ್ರಿಯಿಡೀ ಅವಳು ಅತ್ತಳು. ಬೆಳಗಾಗುವಷ್ಟರಲ್ಲಿ ನನಗೆ ಹಾಲು ಸಾಲುತ್ತಿಲ್ಲವೆಂದು ಮನೆಯ ಹಿರಿಯರೆಲ್ಲ ತೀರ್ಮಾನಿಸಿದ್ದರು. ಅಮ್ಮ ಪೌಡರ್ ಹಾಲಿನ ಡಬ್ಬ ತರಿಸಿದರು. ದೊಡ್ಡಮ್ಮ ಅಟ್ಟದಿಂದ ಕೂಸಿಗೆ ಹಾಲು ಕುಡಿಸುವ ಹಳೆಯ ಬೆಳ್ಳಿಯ ಒಳಲೆಯನ್ನು ಇಳಿಸಿ, ತಿಕ್ಕಿ ತೊಳೆದು ಇಟ್ಟರು. "ಎದೇಲಿ ಹಾಲಿದ್ರೆ ಕೂಸು ಯಾಕಮ್ಮಾ ಹಿಂಗೆ ಅಳುತ್ತೆ?" ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಡಬ್ಬ ತೆರೆಯುವ ಮೊದಲು ಮಕ್ಕಳ ವೈದ್ಯರಿಗೆ ಫೋನ್ ಮಾಡಿದೆ. ಅವರು ಅಳುವಿನ ವಿಚಾರವನ್ನು ಬದಿಗಿಟ್ಟು, 24 ಗಂಟೆಯಲ್ಲಿ ಎಷ್ಟು ಬಟ್ಟೆ ಒದ್ದೆಯಾಗಿದೆ ಎಂದು ಕೇಳಿದರು. ನಾವು ಯಾರೂ ಎಣಿಸಿರಲಿಲ್ಲ. ಮೊದಲ ದಿನಗಳಲ್ಲಿ ಶೇಕಡ 7ರಿಂದ 10ರವರೆಗೆ ತೂಕ ಇಳಿಯುವುದು ಸಾಮಾನ್ಯವೆಂದೂ, ಐದನೆಯ ದಿನದಿಂದ ದಿನಕ್ಕೆ ಆರು ಬಾರಿಯಾದರೂ ಚೆನ್ನಾಗಿ ಮೂತ್ರ ಮಾಡಬೇಕೆಂದೂ, ಕಪ್ಪಗಿದ್ದ ಮಲ ಹಳದಿಗೆ ತಿರುಗಿರಬೇಕೆಂದೂ, ಸುಮಾರು ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಬೇಕೆಂದೂ ವಿವರಿಸಿ, ಮಗುವನ್ನು ಅಂದೇ ತಂದು ತೋರಿಸಲು ಹೇಳಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಒದ್ದೆ ಬಟ್ಟೆಗೊಂದು ಗೆರೆ ಎಳೆಯುವ ಅಭ್ಯಾಸ ನಮ್ಮಲ್ಲಿ ಅಂದಿನಿಂದ ಶುರುವಾಯಿತು.

ಅಂದೇ ವೈದ್ಯರಲ್ಲಿಗೆ ಹೋದೆವು. ತಪ್ಪು ಗೊತ್ತಾದದ್ದು ಅಲ್ಲಿನ ನರ್ಸ್ ನಾನು ಹಾಲೂಡಿಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದಾಗ. ಹೊಲಿಗೆಯ ನೋವಿಗೆ ಹೆದರಿ ನಾನು ಮಗುವನ್ನು ತೊಡೆಯ ಮೇಲೆ ದೂರವಾಗಿ ಮಲಗಿಸಿಕೊಂಡು, ಬಗ್ಗಿ ತೊಟ್ಟನ್ನಷ್ಟೇ ಅವಳ ಬಾಯಿಗೆ ಇಡುತ್ತಿದ್ದೆ. ಅವಳು ತೊಟ್ಟನ್ನು ಮಾತ್ರ ಚೀಪುತ್ತಿದ್ದುದರಿಂದ ನನಗೆ ತೊಟ್ಟು ಬಿರಿದು ಉರಿಯುತ್ತಿತ್ತು, ಅವಳಿಗೆ ಹಾಲು ಸರಿಯಾಗಿ ಬರುತ್ತಿರಲಿಲ್ಲ. ನರ್ಸ್ ಮಗುವನ್ನು ನನ್ನ ಕಂಕುಳ ಕೆಳಗೆ, ಕಾಲು ಬೆನ್ನಿನ ಕಡೆಗೆ ಬರುವಂತೆ ದಿಂಬಿನ ಮೇಲೆ ಮಲಗಿಸಿದರು. ಇದರಿಂದ ಹೊಲಿಗೆಯ ಮೇಲೆ ಭಾರ ಬೀಳಲಿಲ್ಲ. ಮಗುವಿನ ಮೂಗು ತೊಟ್ಟಿನ ನೇರಕ್ಕೆ ಇರಬೇಕು, ತೊಟ್ಟು ಮೇಲ್ದುಟಿಗೆ ಸೋಕಿದಾಗ ಅದು ಆಕಳಿಸುವಷ್ಟು ಅಗಲವಾಗಿ ಬಾಯಿ ತೆರೆಯುತ್ತದೆ, ಆ ಕ್ಷಣದಲ್ಲಿ ಎದೆಯನ್ನು ಬಗ್ಗಿಸದೆ ಮಗುವನ್ನೇ ಎದೆಗೆ ತರಬೇಕು ಎಂದು ಹೇಳಿಕೊಟ್ಟರು. ಗದ್ದ ಎದೆಗೆ ಒತ್ತಿ, ಕೆಳದುಟಿ ಹೊರಕ್ಕೆ ಮಡಚಿ, ತೊಟ್ಟಿನ ಸುತ್ತಲಿನ ಕಪ್ಪುಭಾಗ ಬಾಯಿಯ ಮೇಲ್ಗಡೆ ಹೆಚ್ಚು, ಕೆಳಗಡೆ ಕಡಿಮೆ ಕಂಡರೆ ಹಿಡಿತ ಸರಿ. ಚೀಪುವಾಗ ಚಪ್ಪರಿಸಿದಂತಹ ಸದ್ದು ಬಂದರೆ ಹಿಡಿತ ಸರಿಯಾಗಿಲ್ಲ. ಆಗ ಎಳೆಯದೆ, ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಗೆ ಮೆಲ್ಲಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಬೇಕು. ಮೊದಲ ದಿನ ಒಂದೇ ಸಲದ ಹಾಲಿಗೆ ನಾಲ್ಕೈದು ಬಾರಿ ಬಿಡಿಸಿ ಹಿಡಿಸಿದ್ದೇನೆ. ಕೊನೆಗೊಮ್ಮೆ ಗುಳುಕ್ ಗುಳುಕ್ ಎಂದು ನುಂಗುವ ಸದ್ದು ಕೇಳಿಸಿದಾಗ ಅಮ್ಮನೂ ಬಗ್ಗಿ ಕಿವಿಗೊಟ್ಟರು.

ಡಬ್ಬ ತೆರೆಯದ ಕಾರಣ ಸರಳ: ಎದೆ ಎಷ್ಟು ಖಾಲಿಯಾಗುತ್ತದೆಯೋ ಅಷ್ಟು ಹಾಲು ಹುಟ್ಟುತ್ತದೆ, ಪೌಡರ್ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಎದೆಯನ್ನು ಖಾಲಿ ಮಾಡುವುದಿಲ್ಲ. ತೂಕ ಏರದಿದ್ದರೆ ಖಂಡಿತ ತೆರೆಯುತ್ತಿದ್ದೆ, ಅದರಲ್ಲಿ ನನಗೆ ಹಟವಿರಲಿಲ್ಲ. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ, ಅವಳು ಅಳುವುದಕ್ಕಿಂತ ಮೊದಲೇ, ಕೈ ಬಾಯಿಗೆ ಒಯ್ದಾಗ ಅಥವಾ ತಲೆ ಆಚೀಚೆ ಹೊರಳಿಸಿ ಹುಡುಕಿದಾಗ, ಊಡಿಸತೊಡಗಿದೆ. ರಚ್ಚೆ ಹಿಡಿದ ಮೇಲೆ ಬಾಯಿ ಹಿಡಿಸುವುದು ದುಸ್ತರ. ಬಾಣಂತಿಯ ಊಟವಾದ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿಯನ್ನೂ ಕೊಬ್ಬರಿ ಹಾಕಿದ ಅಂಟಿನ ಉಂಡೆಗಳನ್ನೂ ಸಂತೋಷದಿಂದ ತಿಂದೆ. ನೀರು ಕಡಿಮೆ ಕುಡಿಯಬೇಕೆಂಬ ಕಟ್ಟುಪಾಡನ್ನು ಮಾತ್ರ ಒಪ್ಪದೆ ಬಾಯಾರಿದಾಗಲೆಲ್ಲ ಕುಡಿದೆ. ಹದಿನಾಲ್ಕನೆಯ ದಿನ ತೂಕ 2.95 ಕಿಲೋ ಇತ್ತು.

ಆದರೂ ಮೂರನೆಯ ವಾರದಿಂದ ಪ್ರತಿದಿನ ಸಂಜೆ ಏಳರ ಹೊತ್ತಿಗೆ ಅಳು ಶುರುವಾಗಿ, ಎರಡು ಮೂರು ಗಂಟೆ ನಡೆಯುತ್ತಿತ್ತು. ದೃಷ್ಟಿ ತೆಗೆದದ್ದಾಯಿತು. ಬಜೆ ತೇಯ್ದು ನೆಕ್ಕಿಸುವ ಮಾತು ಬಂದಾಗ ಎದೆಹಾಲಿನ ಹೊರತು ಏನೂ ಬೇಡವೆಂದ ವೈದ್ಯರು, ಜ್ವರವಿಲ್ಲ, ತೂಕ ಏರುತ್ತಿದೆ, ಹೊಟ್ಟೆ ಉಬ್ಬಿಲ್ಲ ಎಂಬುದನ್ನು ಪರೀಕ್ಷಿಸಿ, ಇಂತಹ ಅಳು ಆರನೆಯ ವಾರದ ಸುಮಾರಿಗೆ ಹೆಚ್ಚಾಗಿ ಮೂರು ನಾಲ್ಕು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ ಎಂದರು. ಆ ಹೊತ್ತಿನಲ್ಲಿ ಅರ್ಧರ್ಧ ಗಂಟೆಗೆ ಹಾಲು ಕೇಳುವುದೂ ಸಹಜವೆಂದು ತಿಳಿದು ಕೇಳಿದಷ್ಟೂ ಊಡಿಸಿದೆ, ಹೆಗಲಿಗೆ ಹಾಕಿ ಬೆನ್ನು ತಟ್ಟಿ ತೇಗಿಸಿದೆ. ಉಳಿದದ್ದು ಹೊತ್ತು ತಿರುಗುವ ಕೆಲಸ. ದೀಪ ಕಡಿಮೆ ಮಾಡಿ, ಬರೀ ಮೈಯ ಕೂಸನ್ನು ನನ್ನ ಎದೆಗೆ ಆನಿಸಿ ಮೇಲೆ ಸೀರೆ ಹೊದೆಯುತ್ತಿದ್ದೆ. ಅಪ್ಪ ಅವಳನ್ನು ಮುಂಗೈ ಮೇಲೆ ಬೋರಲಾಗಿ ಮಲಗಿಸಿಕೊಂಡು ಜಗುಲಿಯಲ್ಲಿ ನಡೆದಾಡುತ್ತಿದ್ದರು. ನಿದ್ದೆ ಬಂದೊಡನೆ ತೊಟ್ಟಿಲಿನಲ್ಲಿ ಅಂಗಾತ ಮಲಗಿಸುತ್ತಿದ್ದೆವು. ಬಕೆಟ್ಟಿಗೆ ನಲ್ಲಿಯ ನೀರು ಬೀಳುವ ಸದ್ದಿಗೆ ಅವಳು ಸುಮ್ಮನಾಗುತ್ತಾಳೆಂದು ಗೊತ್ತಾದ ಮೇಲೆ, ನೀರು ಹಾಳಾಗಬಾರದೆಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಮೆಲ್ಲಗೆ ಹಾಕುತ್ತಿದ್ದೆವು. ಎರಡು ಬಾರಿ ನಾನೇ ಅಳತೊಡಗಿ, ಅವಳನ್ನು ತೊಟ್ಟಿಲಿಗೆ ಹಾಕಿ ಹಿತ್ತಲಿಗೆ ಹೋಗಿ ಐದು ನಿಮಿಷ ನಿಂತದ್ದೂ ಇದೆ.

ಹದಿಮೂರನೆಯ ವಾರದ ಒಂದು ಸಂಜೆ ಎಂಟು ಗಂಟೆ ದಾಟಿದರೂ ಮನೆ ನಿಶ್ಶಬ್ದವಾಗಿತ್ತು. ಒಳಗೆ ಹೋಗಿ ನೋಡಿದರೆ ಮಗಳು ಎಚ್ಚರವಾಗಿಯೇ ಮಲಗಿ ತಿರುಗುವ ಫ್ಯಾನನ್ನು ನೋಡುತ್ತಿದ್ದಳು. ಅಪ್ಪ ಅಭ್ಯಾಸಬಲದಿಂದ ಬರಿಗೈಯಲ್ಲೇ ಜಗುಲಿಯಲ್ಲಿ ನಡೆಯುತ್ತಿದ್ದರು.