ಪುಣೆಯ ಸ್ಪ್ಯಾನಿಷ್ ತರಗತಿಯಲ್ಲಿ ಕಥೆ ಬರೆಸಿದ ಬಗೆ

ಸ್ಪ್ಯಾನಿಷ್ ಕಲಿಯುವವರಿಂದ ಕಥೆ, ಕವಿತೆ ಬರೆಸಲು ವ್ಯಾಕರಣವೆಲ್ಲ ಮುಗಿಯುವ ತನಕ ಕಾಯಬೇಕಾಗಿಲ್ಲ. ಪುಣೆಯ ಕೋಥ್ರೂಡಿನಲ್ಲಿ ನಾನು ನಡೆಸುವ ವಾರಾಂತ್ಯದ ತರಗತಿಯಲ್ಲಿ ಎ2 ಹಂತದಲ್ಲಿಯೇ, ಅಂದರೆ ಯುರೋಪಿನ ಆರು ಹಂತಗಳ ಅಳತೆಯಲ್ಲಿ ಎರಡನೆಯದರಲ್ಲಿಯೇ, ಈ ಕೆಲಸವನ್ನು ಆರಂಭಿಸುತ್ತೇನೆ. ನನ್ನಲ್ಲಿಗೆ ಬರುವವರಲ್ಲಿ ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ಉತ್ತರ ಕರ್ನಾಟಕದವರು, ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡ ಮನೆಗಳ ಮಕ್ಕಳು ಮತ್ತು ಮರಾಠಿ ವಿದ್ಯಾರ್ಥಿಗಳು ಇದ್ದಾರೆ. ಇವರೆಲ್ಲರೂ ಮೊದಲು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿಕೊಂಡು ಅದನ್ನು ಸ್ಪ್ಯಾನಿಷಿಗೆ ಸಾಗಿಸುತ್ತಾರೆ. ಆ ಅಭ್ಯಾಸವನ್ನು ಬಿಡಿಸುವುದೇ ನನ್ನ ಮುಖ್ಯ ಕೆಲಸವಾಗಿದೆ.

ಇಂಗ್ಲಿಷಿನ ದಾರಿಯಲ್ಲಿ ಬಂದವರು ‘ನನಗೆ ಮಳೆ ಇಷ್ಟ’ ಎನ್ನುವುದಕ್ಕೆ ‘ಯೊ ಗುಸ್ತೊ’ ಎಂದು ಆರಂಭಿಸಿ ಎಡವುತ್ತಾರೆ. ಸ್ಪ್ಯಾನಿಷಿನಲ್ಲಿ ಅದು ‘ಮೆ ಗುಸ್ತ ಲ ಯುವ್ಯ’. ಕನ್ನಡದಲ್ಲಿರುವಂತೆಯೇ ಇಷ್ಟಪಡುವವರು ‘ನನಗೆ’ ಎಂಬ ರೂಪದಲ್ಲಿರುತ್ತಾರೆ, ಕರ್ತೃವಿನ ಸ್ಥಾನದಲ್ಲಿ ಮಳೆ ಇರುತ್ತದೆ. ಕ್ರಿಯಾಪದದ ಕೊನೆಯೇ ಯಾರು ಮಾಡಿದರೆಂದು ಹೇಳುವುದರಿಂದ ‘ನಾನು’, ‘ಅವಳು’ ಎಂಬ ಸರ್ವನಾಮಗಳನ್ನು ಬಿಡಬಹುದಾದದ್ದೂ ಎರಡು ಭಾಷೆಗಳಿಗೆ ಸಮಾನ. ಇದನ್ನು ತೋರಿಸಿಕೊಟ್ಟ ದಿನ ಧಾರವಾಡದ ಕಡೆಯ ವಿದ್ಯಾರ್ಥಿಯೊಬ್ಬರು, “ಮೇಡಂ, ಕನ್ನಡದಾಗ ವಿಚಾರ ಮಾಡಿದ್ರ ಭಾಳ ಹತ್ರ ಆಗ್ತೈತ್ರಿ, ಇಂಗ್ಲಿಷ್‌ನ್ಯಾಗ ಹೋದ್ರ ಕಥೀನ ಕೆಡತೈತಿ” ಎಂದರು. ಅಂದಿನಿಂದ ಬರೆಯುವ ಮೊದಲು ಪಕ್ಕದವರಿಗೆ ಕನ್ನಡದಲ್ಲೋ ಮರಾಠಿಯಲ್ಲೋ ಕಥೆಯನ್ನು ಬಾಯಿಯಲ್ಲಿ ಹೇಳಬೇಕೆಂಬ ಪದ್ಧತಿಯನ್ನು ತರಗತಿಯಲ್ಲಿ ಉಳಿಸಿಕೊಂಡಿದ್ದೇನೆ.

ಕಥೆ ಬರೆಸುವಾಗ ಹೆಚ್ಚು ಹೊತ್ತು ಹಿಡಿಯುವುದು ಭೂತಕಾಲದ ಎರಡು ರೂಪಗಳು. ‘ಇಂಪರ್ಫೆಕ್ತೊ’ ಹಿನ್ನೆಲೆಯನ್ನು, ರೂಢಿಯನ್ನು, ನಡೆಯುತ್ತಿದ್ದ ಸ್ಥಿತಿಯನ್ನು ಹೇಳಿದರೆ ‘ಇಂದೆಫಿನಿದೊ’ ನಡೆದು ಮುಗಿದ ಘಟನೆಯನ್ನು ಹೇಳುತ್ತದೆ. ಮೊದಲ ಕರಡುಗಳಲ್ಲಿ ಎಲ್ಲವೂ ‘ಎದ್ದೆ, ಹೋದೆ, ನೋಡಿದೆ, ಬಂದೆ’ ಎಂದು ಎರಡನೆಯ ರೂಪದಲ್ಲಿಯೇ ಇರುವುದರಿಂದ ಕಥೆ ದಿನಚರಿಯಾಗಿಬಿಡುತ್ತದೆ. ಆದ್ದರಿಂದ ಎಲ್ಲರಿಗೂ ಗೊತ್ತಿರುವ ಸ್ವಾರಗೇಟ್ ಬಸ್ ನಿಲ್ದಾಣವನ್ನು ಕೊಡುತ್ತೇನೆ. ಮಳೆ ಸುರಿಯುತ್ತಿತ್ತು, ಜನರು ಛತ್ರಿ ಮಡಚಿಕೊಂಡು ಸೂರಿನ ಕೆಳಗೆ ಒತ್ತಾಗಿ ನಿಂತಿದ್ದರು, ಅಜ್ಜಿಯೊಬ್ಬಳು ಚೀಲ ಹಿಡಿದು ಕಾಯುತ್ತಿದ್ದಳು, ಅಷ್ಟರಲ್ಲಿ ವಿಜಯಪುರದ ಬಸ್ಸು ಬಂತು. ಸುರಿಯುತ್ತಿತ್ತು ಎಂಬುದು ‘ಯೊವಿಆ’, ಕಾಯುತ್ತಿದ್ದಳು ಎಂಬುದು ‘ಎಸ್ಪೆರಾಬ’. ಬಂತು ಎಂಬುದು ಮಾತ್ರ ‘ಯೆಗೊ’. ಎರಡು ಬಣ್ಣಗಳಲ್ಲಿ ಗೆರೆ ಎಳೆಸಿ, ಘಟನೆಗಳ ವಾಕ್ಯಗಳನ್ನಷ್ಟೇ ಗಟ್ಟಿಯಾಗಿ ಓದಿಸುತ್ತೇನೆ. ಅವುಗಳಿಂದಲೇ ಕಥೆಯ ಎಲುಬು ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಒಂದು ಘಟನೆ ಹಿನ್ನೆಲೆಯಲ್ಲಿ ಹುದುಗಿದೆ ಎಂದು ಅವರೇ ಹುಡುಕಿಕೊಳ್ಳುತ್ತಾರೆ.

ಇಲ್ಲಿ ಕನ್ನಡ ಪೂರ್ತಿ ಕೈಹಿಡಿಯುವುದಿಲ್ಲ ಎಂಬುದನ್ನೂ ಹೇಳಬೇಕು. ‘ಅಜ್ಜಿ ಅಲ್ಲಿ ಇದ್ದಳು’, ‘ಅಜ್ಜಿ ಅಲ್ಲಿ ಮೂರು ದಿನ ಇದ್ದಳು’ ಎಂಬ ಎರಡಕ್ಕೂ ನಮಗೆ ಒಂದೇ ಕ್ರಿಯಾಪದ ಸಾಕು. ಸ್ಪ್ಯಾನಿಷಿನಲ್ಲಿ ಮೊದಲನೆಯದು ‘ಎಸ್ತಾಬ’, ಕಾಲಾವಧಿಯ ಮಿತಿಯಿರುವ ಎರಡನೆಯದು ‘ಎಸ್ತುವೊ’. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬಂಥ ವಿಂಗಡಣೆಯಲ್ಲಿ ಕನ್ನಡದ ನಪುಂಸಕಲಿಂಗದಿಂದ ಯಾವ ಸಹಾಯವೂ ಸಿಗದು. ವಸ್ತುಗಳ ಹೆಸರಿಗೂ ಲಿಂಗಭೇದವಿರುವ ಮರಾಠಿ ಭಾಷೆಯವರಿಗೆ ಈ ವ್ಯವಸ್ಥೆ ಹೊಸದಲ್ಲವಾದರೂ ಎರಡು ಭಾಷೆಗಳಲ್ಲಿ ಪದಗಳ ಲಿಂಗ ಒಂದೇ ಆಗಿರಬೇಕೆಂದೇನೂ ಇಲ್ಲ.

ಮೊಬೈಲಿನ ಅನುವಾದಕವನ್ನು ನಾನು ನಿಷೇಧಿಸಿಲ್ಲ. ಆದರೆ ಬರೆದ ಪದವನ್ನು ಪಕ್ಕದವರಿಗೆ ಸರಳ ಸ್ಪ್ಯಾನಿಷಿನಲ್ಲಿ ವಿವರಿಸಲಾಗದಿದ್ದರೆ ಅದನ್ನು ತೆಗೆಯಬೇಕು ಎಂಬ ನಿಯಮವಿದೆ. ತಮಗೆ ಬರುವ ಪದಗಳಲ್ಲಿಯೇ ಹೇಳಬೇಕಾದಾಗ ವಿದ್ಯಾರ್ಥಿಗಳು ‘ದುಃಖ’ ಎಂಬ ಪದವನ್ನು ಬಿಟ್ಟು ಆರಿದ ಚಹಾದ ಬಗ್ಗೆ ಬರೆಯುತ್ತಾರೆ. ಬರವಣಿಗೆ ಬೆಳೆಯುವುದು ಇಲ್ಲಿಯೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕವಿತೆಗೆ ಎಂಟು ಅಕ್ಷರಾಂಶಗಳ (ಸಿಲೆಬಲ್‌ಗಳ) ಸಾಲನ್ನು ಆರಿಸಿಕೊಂಡೆ, ಏಕೆಂದರೆ ಸ್ಪ್ಯಾನಿಷ್ ಲಾವಣಿಗಳ ಪರಂಪರೆಯ ಸಾಲು ಅದು. ‘ಲ ಯುವ್ಯ ಕಾಂತ ಎನ್ ಲ ಕಾಯೆ’, ಅಂದರೆ ಮಳೆ ಬೀದಿಯಲ್ಲಿ ಹಾಡುತ್ತದೆ. ಬೆರಳು ಮಡಚಿ ಎಣಿಸಿದರೆ ಒಂಬತ್ತು ಬರುತ್ತದೆ. ಆದರೆ ‘ಕಾಂತ’ದ ಕೊನೆಯ ಸ್ವರವೂ ‘ಎನ್’ನ ಮೊದಲ ಸ್ವರವೂ ಒಂದೇ ಅಕ್ಷರಾಂಶದಲ್ಲಿ ಬೆರೆಯುವುದರಿಂದ ಲೆಕ್ಕ ಎಂಟಕ್ಕೆ ನಿಲ್ಲುತ್ತದೆ. ಇದನ್ನು ‘ಸಿನಲೇಫ’ ಎನ್ನುತ್ತಾರೆ. ಶಾಲೆಯಲ್ಲಿ ಪ್ರಸ್ತಾರ ಹಾಕಿ ಲಘು-ಗುರು ಗುರುತಿಸಿದ್ದ ಕನ್ನಡಿಗರಿಗೆ ಈ ಎಣಿಕೆಯ ಶಿಸ್ತು ಬೇಗ ಹಿಡಿಸಿತು. ಲೋಪಸಂಧಿಯ ‘ಬಲ್ಲೆನೆಂದು’ವಿನಲ್ಲಿ ಸ್ವರವೊಂದು ಬಿದ್ದುಹೋಗುತ್ತದೆ, ಸಿನಲೇಫದಲ್ಲಿ ಎರಡೂ ಸ್ವರಗಳು ಕೇಳುತ್ತವೆ ಎಂಬ ವ್ಯತ್ಯಾಸವನ್ನು ಮಾತ್ರ ಒತ್ತಿ ಹೇಳಬೇಕಾಯಿತು. ಸಾಲಿನ ಕೊನೆಯ ಪದದಲ್ಲಿ ಒತ್ತು ಕಟ್ಟಕಡೆಯ ಅಕ್ಷರಾಂಶದ ಮೇಲಿದ್ದರೆ ಲೆಕ್ಕಕ್ಕೆ ಒಂದನ್ನು ಕೂಡಿಸಬೇಕು, ಕೊನೆಯಿಂದ ಮೂರನೆಯದರ ಮೇಲಿದ್ದರೆ ಒಂದನ್ನು ಕಳೆಯಬೇಕು.

ಪರೀಕ್ಷೆಗೆ ಇದರಿಂದ ಏನು ಉಪಯೋಗ ಎಂದು ಪೋಷಕರು ಕೇಳುತ್ತಾರೆ. ಸ್ಪೇನಿನ ಸೆರ್ವಾಂತೆಸ್ ಸಂಸ್ಥೆ ನಡೆಸುವ ಸ್ಪ್ಯಾನಿಷ್ ಸಾಮರ್ಥ್ಯದ ಪರೀಕ್ಷೆಯಾದ ಡೆಲೆಯಲ್ಲಿ, ಎ2ರ ಮುಂದಿನ ಬಿ1 ಹಂತದ ಬರವಣಿಗೆಯ ಭಾಗಕ್ಕೆ 60 ನಿಮಿಷಗಳಿದ್ದು, ಎರಡನೆಯ ಪ್ರಶ್ನೆಗೆ 130ರಿಂದ 150 ಪದಗಳಲ್ಲಿ ಅನುಭವವನ್ನೋ ಅಭಿಪ್ರಾಯವನ್ನೋ ಬರೆಯಬೇಕಾಗುತ್ತದೆ. ಅನುಭವ ಬರೆಯಲು ಸ್ವಾರಗೇಟಿನ ಆ ಎರಡು ಭೂತಕಾಲಗಳೇ ಬೇಕು.

ತಿದ್ದುವಾಗ ಮೊದಲ ಕರಡಿನಲ್ಲಿ ಅರ್ಥ ಕೆಡಿಸುವ ತಪ್ಪುಗಳನ್ನು ಮಾತ್ರ ಮುಟ್ಟುತ್ತೇನೆ. ಅಂಚಿನಲ್ಲಿ ಕಾಲಕ್ಕೊಂದು, ಲಿಂಗಕ್ಕೊಂದು, ಸ್ವರದ ಮೇಲಿನ ಒತ್ತಿನ ಗುರುತಿಗೊಂದು ಚಿಹ್ನೆ ಹಾಕಿ ಸರಿಯಾದ ರೂಪವನ್ನು ಬರೆಯದೆ ಬಿಡುತ್ತೇನೆ. ಅದರ ಜೊತೆಗೆ ಕಥೆಯ ಬಗ್ಗೆಯೇ ಒಂದು ಪ್ರಶ್ನೆಯನ್ನು ಸ್ಪ್ಯಾನಿಷಿನಲ್ಲಿ ಬರೆಯುವುದನ್ನು ತಪ್ಪಿಸುವುದಿಲ್ಲ: ಅಜ್ಜಿಯ ಚೀಲದಲ್ಲಿ ಏನಿತ್ತು? ಮುಂದಿನ ವಾರದ ಎರಡನೆಯ ಕರಡು ಸಾಮಾನ್ಯವಾಗಿ ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಉದ್ದವಾಗಿ ಬರುತ್ತದೆ, ಮತ್ತು ಚಿಹ್ನೆ ಹಾಕಿದ್ದ ತಪ್ಪುಗಳಲ್ಲಿ ಹೆಚ್ಚಿನವನ್ನು ಬರೆದವರೇ ಸರಿಪಡಿಸಿರುತ್ತಾರೆ.